ಸರಳರೇಖೆಯನ್ನು ಎಷ್ಟು ನಂಬಬಹುದು?

ಕೇಳುಗರಿಗೆ ನಮಸ್ಕಾರ. ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರಡಿಸಲು ಅದನ್ನು ಕೆಂಪಗೆ ಕಾಯಿಸಲೇಬೇಕೆಂದಿಲ್ಲ. ಅತಿ ಮೊನಚಾದ ಟಂಗ್‌ಸ್ಟನ್ ತುದಿಯನ್ನು ನಿರ್ವಾತದಲ್ಲಿಟ್ಟು, ಎದುರಿನ ತಟ್ಟೆಗೆ ಧನ ವೋಲ್ಟೇಜ್ ಕೊಟ್ಟು, ತುದಿಯ ಮೇಲಿನ ವಿದ್ಯುತ್ ಕ್ಷೇತ್ರವನ್ನು ನ್ಯಾನೋಮೀಟರಿಗೆ 4 ವೋಲ್ಟ್‌ಗೆ ಏರಿಸಿದರೆ, ಸುಮಾರು 4.5 ಎಲೆಕ್ಟ್ರಾನ್‌ವೋಲ್ಟ್ ಎತ್ತರದ, ಎಲೆಕ್ಟ್ರಾನುಗಳನ್ನು ಲೋಹದೊಳಗೇ ಹಿಡಿದಿಡುವ ಶಕ್ತಿಯ ತಡೆ ಎಷ್ಟು ತೆಳುವಾಗುತ್ತದೆಂದರೆ, ಎಲೆಕ್ಟ್ರಾನುಗಳು ಅದನ್ನು ಹತ್ತದೆ, ಕ್ವಾಂಟಂ ನಿಯಮದಂತೆ ತೂರಿಕೊಂಡೇ ಹೊರಬರುತ್ತವೆ. ಈ ಕ್ಷೇತ್ರ ಹತ್ತನೇ ಒಂದು ಪಾಲು ತಗ್ಗಿದರೆ ಸಾಕು, ಪ್ರವಾಹ ಸುಮಾರು ಏಳನೇ ಒಂದು ಭಾಗಕ್ಕೆ ಕುಸಿಯುತ್ತದೆ.

1928ರಲ್ಲಿ ಭೌತವಿಜ್ಞಾನಿಗಳಾದ ಫೌಲರ್ ಮತ್ತು ನಾರ್ಡ್‌ಹೈಮ್ ಈ ತಡೆಯನ್ನು ತ್ರಿಕೋನವೆಂದು ಭಾವಿಸಿ ಲೆಕ್ಕ ಹಾಕಿದರು. ಪ್ರವಾಹವನ್ನು ವೋಲ್ಟೇಜಿನ ವರ್ಗದಿಂದ ಭಾಗಿಸಿ, ಅದರ ಲಾಗರಿದಮ್ಮನ್ನು ವೋಲ್ಟೇಜಿನ ವಿಲೋಮಕ್ಕೆದುರಾಗಿ ಗುರುತಿಸಿದರೆ ಸರಳರೇಖೆ ಸಿಗುತ್ತದೆ. ಅದರ ಇಳಿಜಾರಿನಿಂದ ತುದಿಯು ಕ್ಷೇತ್ರವನ್ನು ಎಷ್ಟು ಪಟ್ಟು ಹಿಗ್ಗಿಸಿದೆಯೆಂದು ತಿಳಿಯಬಹುದು. ಆದರೆ ಹೊರಟ ಎಲೆಕ್ಟ್ರಾನನ್ನು ಲೋಹವು ಹಿಂದಕ್ಕೆ ಸೆಳೆಯುವ ಪ್ರತಿಬಿಂಬ ಬಲವು ತಡೆಯ ನೆತ್ತಿಯನ್ನು ದುಂಡಾಗಿಸಿ ತಗ್ಗಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಈ ಇಳಿಕೆ 2.4 ಎಲೆಕ್ಟ್ರಾನ್‌ವೋಲ್ಟ್, ಇದನ್ನು ಬಿಟ್ಟ ತ್ರಿಕೋನದ ಲೆಕ್ಕವು ಪ್ರವಾಹವನ್ನು ಅದರ ಇನ್ನೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಿ ತೋರಿಸುತ್ತದೆ. ಈ ಬಲವನ್ನು ಸೇರಿಸಿದ ಆರಂಭದ ಲೆಕ್ಕದಲ್ಲಿದ್ದ ಗಣಿತದ ದೋಷ 1953ರಲ್ಲಿ ಬಯಲಾಯಿತು. 1956ರಲ್ಲಿ ಮರ್ಫಿ ಮತ್ತು ಗುಡ್ ಎಂಬವರು ಈ ಸಿದ್ಧಾಂತವನ್ನು ಸರಿಯಾಗಿ ಕಟ್ಟಿದರು. ಹಾಗಿದ್ದೂ ಹಳೆಯ ತ್ರಿಕೋನದ ಸೂತ್ರವೇ ಇಂದಿಗೂ ಎಷ್ಟೋ ಪ್ರಬಂಧಗಳಲ್ಲಿ ಬಳಕೆಯಲ್ಲಿರುವುದು, ನನ್ನ ಅಭಿಪ್ರಾಯದಲ್ಲಿ, ಅಭ್ಯಾಸಬಲವೇ ಹೊರತು ಬೇರೇನಲ್ಲ.

ಇದಕ್ಕಿಂತ ದೊಡ್ಡ ತೊಡಕು ವಿದ್ಯುತ್ ಮಂಡಲದಲ್ಲಿದೆ. ತುದಿಯ ಜೊತೆ ಸರಣಿಯಲ್ಲಿ 10 ಮೆಗಾಓಮ್ ರೋಧವಿದ್ದು, 10 ಮೈಕ್ರೋಆಂಪಿಯರ್ ಪ್ರವಾಹ ಹರಿದರೆ, 100 ವೋಲ್ಟ್ ಆ ರೋಧದಲ್ಲೇ ಕಳೆದುಹೋಗುತ್ತದೆ. ಮಾಪಕ ತೋರಿಸುವ ವೋಲ್ಟೇಜ್ ಆಗ ತುದಿಗೆ ತಲುಪಿದ ವೋಲ್ಟೇಜ್ ಅಲ್ಲ. ಪ್ರವಾಹ ಏರಿದಷ್ಟೂ ರೇಖೆ ಬಾಗಿ, ಇಳಿಜಾರು ಮಂದವಾಗುತ್ತದೆ. ಬಾಗಿದ ಭಾಗದ ಚಿಕ್ಕ ತುಣುಕು ಮಾತ್ರ ನೋಡಿದರೆ ನೇರವಾಗಿಯೇ ಕಾಣುತ್ತದೆ. ಆ ಮಂದ ಇಳಿಜಾರನ್ನೇ ಸೂತ್ರಕ್ಕೆ ಹಾಕಿದರೆ ಹಿಗ್ಗಿಕೆಯ ಅಂಕಿ ವಾಸ್ತವಕ್ಕಿಂತ ಬಹಳ ಮೇಲೇರುತ್ತದೆ. ಕಾರ್ಬನ್ ನ್ಯಾನೋಕೊಳವೆಗಳ ಪದರಗಳಿಗೆ ಹೇಳಲಾಗಿರುವ ಹಲವು ಸಾವಿರ ಪಟ್ಟಿನ ಹಿಗ್ಗಿಕೆಗಳನ್ನು ಈ ಕಾರಣಕ್ಕೇ ಅನುಮಾನದಿಂದ ನೋಡಬೇಕು.

ಪರೀಕ್ಷಿಸುವುದು ಕಷ್ಟವಲ್ಲ. ಇಳಿಜಾರಿನಿಂದ ತುದಿಯ ಕ್ಷೇತ್ರವನ್ನು ಲೆಕ್ಕ ಹಾಕಿ ನೋಡಿ. 4.5 ಎಲೆಕ್ಟ್ರಾನ್‌ವೋಲ್ಟ್ ತಡೆಯ ಲೋಹಕ್ಕೆ ಅದು ನ್ಯಾನೋಮೀಟರಿಗೆ ಸುಮಾರು 2ರಿಂದ 6 ವೋಲ್ಟ್‌ನೊಳಗೆ ಬಂದರೆ ಸರಿ. 14ರ ಹತ್ತಿರ ತಡೆಯೇ ಪೂರ್ತಿ ಇಲ್ಲವಾಗುವುದರಿಂದ, 20 ಎಂಬ ಉತ್ತರ ಬಂದರೆ ಆ ರೇಖೆ ಎಷ್ಟೇ ನೇರವಾಗಿದ್ದರೂ ಅದರಿಂದ ತೆಗೆದ ಹಿಗ್ಗಿಕೆಯ ಅಂಕಿಯನ್ನು ಕೈಬಿಟ್ಟು, ಮೊದಲು ಸರಣಿಯ ರೋಧವನ್ನು ಅಳೆಯಬೇಕು.