ನಾಯಿಯ ಮೂತ್ರಕೋಶದಲ್ಲಿ ಕಲ್ಲು: ತೆಗೆಸುವ ಮುನ್ನ, ತೆಗೆಸಿದ ಮೇಲೆ

ಕೇಳುಗರಿಗೆ ನಮಸ್ಕಾರ.

ನಾಯಿ ಹತ್ತು ಹೆಜ್ಜೆಗೊಮ್ಮೆ ನಿಂತು ತಿಣುಕುತ್ತದೆ, ಬರುವುದು ನಾಲ್ಕೇ ಹನಿ, ಅದೂ ರಕ್ತ ಬೆರೆತದ್ದು. ಇದು ಮೂತ್ರಕೋಶದ ಕಲ್ಲಿನ ಲಕ್ಷಣವಿರಬಹುದು. ಆದರೆ ಮಲಬದ್ಧತೆ ಎಂದುಕೊಂಡು ಮನೆಮದ್ದು ಮಾಡುವವರು ಬಹಳ ಮಂದಿ. ದಯವಿಟ್ಟು ಹಾಗೆ ಮಾಡಬೇಡಿ. ಗಂಡು ನಾಯಿಯಾದರಂತೂ ಮರುದಿನಕ್ಕೆಂದು ಕಾಯಲೇಬೇಡಿ. ಅದರ ಶಿಶ್ನದೊಳಗೆ ಒಂದು ಎಲುಬಿದೆ. ಮೂತ್ರನಾಳ ಸಾಗುವುದು ಆ ಎಲುಬಿನ ತೋಡಿನಲ್ಲಿ. ಅಲ್ಲಿ ನಾಳ ಹಿಗ್ಗಲಾರದು. ಜಾರಿ ಬಂದ ಸಣ್ಣ ಕಲ್ಲು ಎಲುಬಿನ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಮೂತ್ರ ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಾಳ ತಪ್ಪುತ್ತದೆ.

ಕಲ್ಲುಗಳೆಲ್ಲ ಒಂದೇ ಬಗೆಯವಲ್ಲ. ಸ್ಟ್ರುವೈಟ್ ಕಲ್ಲು ನಾಯಿಗಳಲ್ಲಿ ಹೆಚ್ಚಾಗಿ ಸೋಂಕಿನಿಂದ ಹುಟ್ಟುತ್ತದೆ. ಕೆಲವು ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಮೂತ್ರ ಕ್ಷಾರೀಯವಾಗುತ್ತದೆ, ಖನಿಜಗಳು ಹರಳುಗಟ್ಟುತ್ತವೆ. ಹೆಣ್ಣು ನಾಯಿಗಳಲ್ಲೇ ಇದು ಜಾಸ್ತಿ. ದಾರಿ ಕಟ್ಟಿಲ್ಲದಿದ್ದರೆ ವಿಶೇಷ ಆಹಾರ ಮತ್ತು ಆ್ಯಂಟಿಬಯಾಟಿಕ್‌ನಿಂದ ಕೆಲವು ವಾರಗಳಲ್ಲಿ ಇದು ಕರಗಬಲ್ಲದು. ಇಂಥ ಕಲ್ಲಿಗೆ ಅವಸರದಲ್ಲಿ ಹೊಟ್ಟೆ ಕೊಯ್ಯಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಕ್ಯಾಲ್ಸಿಯಂ ಆಕ್ಸಲೇಟ್ ಯಾವ ಆಹಾರಕ್ಕೂ ಕರಗುವುದಿಲ್ಲ, ದೊಡ್ಡದಾಗಿದ್ದರೆ ತೆಗೆಯಲೇಬೇಕು. ಡಾಲ್ಮೇಷಿಯನ್ ತಳಿಗೆ ವಂಶವಾಹಿಯಿಂದಲೇ ಬರುವ ಯುರೇಟ್ ಕಲ್ಲು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಿಸದೆ ಹೋಗಬಹುದು. ಅದಕ್ಕೆ ಅಲ್ಟ್ರಾಸೌಂಡ್ ಬೇಕು.

ಶಸ್ತ್ರಚಿಕಿತ್ಸೆಯಲ್ಲಿ ನಾಯಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ನಾಳದಲ್ಲಿ ಕಲ್ಲು ಸಿಕ್ಕಿದ್ದರೆ ಕೊಳವೆಯಿಂದ ಲವಣಜಲ ಹಾಯಿಸಿ ಅದನ್ನು ಹಿಂದಕ್ಕೆ, ಮೂತ್ರಕೋಶಕ್ಕೇ ತಳ್ಳುತ್ತಾರೆ. ನಾಳವನ್ನು ಕೊಯ್ಯುವುದಕ್ಕಿಂತ ಇದು ಎಷ್ಟೋ ಮೇಲು. ಹೊಟ್ಟೆಯ ಕೆಳಭಾಗ ತೆರೆದು ಮೂತ್ರಕೋಶವನ್ನು ಹೊರಗೆತ್ತಿ, ಮೂತ್ರ ಹೊಟ್ಟೆಯೊಳಗೆ ಚೆಲ್ಲದಂತೆ ಸುತ್ತಲೂ ಒದ್ದೆ ಬಟ್ಟೆ ಒತ್ತುತ್ತಾರೆ. ರಕ್ತನಾಳ ಕಡಿಮೆಯಿರುವ ಕಡೆ ಕೊಯ್ದು, ಚಿಕ್ಕ ಚಮಚದಿಂದ ಕಲ್ಲುಗಳನ್ನು ಬಾಚುತ್ತಾರೆ. ಮತ್ತೆ ಮತ್ತೆ ನೀರು ಹಾಯಿಸಿ, ಮೂತ್ರನಾಳದಲ್ಲಿ ಕೊಳವೆ ಅಡೆತಡೆಯಿಲ್ಲದೆ ಸರಿದಾಡಿದ ಮೇಲೆಯೇ ಕರಗುವ ದಾರದಿಂದ ಹೊಲಿಯುತ್ತಾರೆ. ಮೂತ್ರಕೋಶ ಬೇಗ ಮಾಯುವ ಅಂಗ. ಎರಡು ಮೂರು ವಾರಗಳಲ್ಲಿ ಗೋಡೆ ಮೊದಲಿನ ಬಲಕ್ಕೆ ಬರುತ್ತದೆ.

ಇಷ್ಟಕ್ಕೆ ಮುಗಿಯಿತೆಂದು ಎದ್ದು ಬರಬೇಡಿ. ಹೊಲಿಗೆಯಾದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆದರೇ ಎಂದು ಕೇಳಿ. ಕಾಳಿನಷ್ಟು ಸಣ್ಣ ಕಲ್ಲು ಮೂತ್ರಕೋಶದ ಕೊರಳಿನಲ್ಲಿ ಉಳಿದುಹೋಗುವುದು ಅಪರೂಪವಲ್ಲ. ತೆಗೆದ ಕಲ್ಲನ್ನು ಡಬ್ಬಿಯಲ್ಲಿಟ್ಟು ನೆನಪಿಗೆಂದು ಮನೆಗೆ ತರುವವರಿದ್ದಾರೆ. ಅದು ಹೋಗಬೇಕಾದದ್ದು ಪ್ರಯೋಗಾಲಯಕ್ಕೆ. ಯಾವ ಬಗೆಯ ಕಲ್ಲೆಂದು ತಿಳಿಯದೆ ಮುಂದಿನ ಆಹಾರ ನಿರ್ಧರಿಸಲಾಗದು. ಸ್ಟ್ರುವೈಟ್ ಕರಗಲೆಂದು ಮೂತ್ರವನ್ನು ಆಮ್ಲೀಯಗೊಳಿಸುವ ಆಹಾರ ಆಕ್ಸಲೇಟ್‌ಗೆ ಕೆಡುಕು ಮಾಡಬಹುದು.

ಮನೆಗೆ ಬಂದ ಮೇಲೆ ಕೆಲವು ದಿನ ಮೂತ್ರ ಕೆಂಪಾಗಿ ಬಂದರೆ ಹೆದರಬೇಡಿ. ಮೂತ್ರವೇ ಬರದೇ ಹೋದರೆ, ವಾಂತಿಯಾದರೆ, ಹೊಟ್ಟೆ ಉಬ್ಬಿದರೆ ಕೂಡಲೇ ವೈದ್ಯರಿಗೆ ತೋರಿಸಿ. ಗಾಯ ನೆಕ್ಕದಂತೆ ಕೊರಳಿಗೆ ಕೋನ್, ಅಂದರೆ ತಲೆಯ ಸುತ್ತ ನಿಲ್ಲುವ ಆಲಿಕೆಯಂಥ ಪಟ್ಟಿ, ಇರಲಿ. ಓಟ, ಜಿಗಿತ ಎರಡು ವಾರ ಬೇಡ. ಆಮೇಲೆ ಒಣ ಆಹಾರಕ್ಕೂ ನೀರು ಬೆರೆಸಿ ಕೊಡಿ. ಮೂತ್ರ ತೆಳುವಾದಷ್ಟೂ ಹರಳು ಕಟ್ಟುವುದು ಕಷ್ಟ. ಆಕ್ಸಲೇಟ್ ಕಲ್ಲು ಮರಳಿ ಬರುವ ಸಂಭವ ಹೆಚ್ಚು. ಆದ್ದರಿಂದ ನಾಯಿ ಚುರುಕಾಗಿ ಓಡಾಡುತ್ತಿದ್ದರೂ ಕೆಲವು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ, ಎಕ್ಸ್‌ರೇ ಮಾಡಿಸಿ. ಕಲ್ಲು ಸಣ್ಣದಿರುವಾಗಲೇ ಕಂಡರೆ, ಹೊಟ್ಟೆ ಕೊಯ್ಯದೆ ನಾಳದ ಮೂಲಕವೇ ಹೊರಗೆ ಹಾಯಿಸಿಬಿಡಲು ಬರುತ್ತದೆ.