ಅಂಗನವಾಡಿ ಟೀಚರಿಗೆ ಯೂನಿಯನ್ ಇದೆ, ವೃತ್ತಿಸಂಘ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಪುಟ್ಟ ಮಕ್ಕಳಿಗೆ ಕಲಿಸುವ ಕೆಲಸ ಮಾಡಬೇಕೆಂಬ ಆಸೆಯನ್ನು ಪ್ಲಸ್ ಟು ಮುಗಿಸಿದ ಹುಡುಗಿ ಮನೆಯಲ್ಲಿ ಹೇಳಿಕೊಂಡರೆ, ನಮ್ಮ ಕಾಸರಗೋಡಿನಲ್ಲಿ ಬರುವ ಮೊದಲ ಉತ್ತರ ‘ಮದುವೆಯಾಗುವ ತನಕ ಹೋಗಲಿ, ಅಡ್ಡಿಯಿಲ್ಲ’ ಎಂಬುದು. ಇದರಲ್ಲಿರುವ ಅಸಡ್ಡೆಗೆ ಮನೆಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐ.ಸಿ.ಡಿ.ಎಸ್.) ಆರಂಭವಾದಂದಿನಿಂದ ಇಂದಿನವರೆಗೂ ಸರ್ಕಾರದ ಕಡತದಲ್ಲಿ ಅಂಗನವಾಡಿ ಟೀಚರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಕೇಂದ್ರದ ಲೆಕ್ಕ 2018ರ ಅಕ್ಟೋಬರಿನಲ್ಲಿ ತಿಂಗಳಿಗೆ 4,500 ರೂಪಾಯಿ ಎಂದು ನಿಗದಿಯಾಯಿತು. ರಾಜ್ಯ ಸೇರಿಸಿ ಕೊಡುವುದು ಬೇರೆ. ಸೇವೆ ಮುಗಿಸುವಾಗ ಸಿಗುವ ಇಡುಗಂಟು, ಅಂದರೆ ಗ್ರಾಚ್ಯುಟಿಗೆ ಇವರೂ ಅರ್ಹರು ಎಂಬ ಮಾತು ಸುಪ್ರೀಂ ಕೋರ್ಟಿನಿಂದ ಬರಲು 2022ರ ಏಪ್ರಿಲ್ ತನಕ ಕಾಯಬೇಕಾಯಿತು.

ದುಡ್ಡಿನ ವಿಷಯದಲ್ಲಿ ಜಗಳವಾಡಲು ಇವರಿಗೆ ಯೂನಿಯನ್‌ಗಳಿವೆ, ಕೇರಳದಲ್ಲಿ ಅವು ಬಲವಾಗಿಯೂ ಇವೆ, ಅವಿಲ್ಲದಿದ್ದರೆ ಇಂದು ಸಿಗುತ್ತಿರುವಷ್ಟೂ ಸಿಗುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಯೂನಿಯನ್ ಬೇರೆ, ವೃತ್ತಿಸಂಘ ಬೇರೆ. ಕೆಲಸಕ್ಕೆ ಸಿಗಬೇಕಾದ ಬೆಲೆಯನ್ನು ಯೂನಿಯನ್ ಕೇಳುತ್ತದೆ; ಕೆಲಸ ಹೇಗಿರಬೇಕು, ಅದನ್ನು ಮಾಡುವವರಿಗೆ ಏನು ಗೊತ್ತಿರಬೇಕು ಎಂಬುದನ್ನು ವೃತ್ತಿಸಂಘ ಚರ್ಚಿಸುತ್ತದೆ. ವಕೀಲರಿಗೆ, ವೈದ್ಯರಿಗೆ ಇರುವ ಈ ಎರಡನೆಯದು ನಮ್ಮ ಟೀಚರ್‌ಗಳಿಗೆ ಇಲ್ಲವೆಂಬುದೇ ನನ್ನ ಇಂದಿನ ತಕರಾರು.

ಮಂಜೇಶ್ವರದ ಕಡೆಯ ಒಂದು ಅಂಗನವಾಡಿಯನ್ನು ಊಹಿಸಿಕೊಳ್ಳಿ. ನಾಲ್ಕು ವರ್ಷದ ಮಗು ಹುಣಸೆ ಬೀಜಗಳನ್ನು ಸಾಲಾಗಿ ಇಡುತ್ತಾ ‘ಒಂಜಿ, ರಡ್ಡ್, ಮೂಜಿ’ ಎಂದು ಎಣಿಸುತ್ತದೆ. ಪಕ್ಕದ ಮಗುವಿನ ಮನೆಮಾತು ಮಲಯಾಳ, ಅದರಾಚೆಗಿನದು ಹವ್ಯಕ ಕನ್ನಡ. ತುಳುವಿನ ಎಣಿಕೆಯನ್ನು ಒಪ್ಪಿಕೊಂಡು, ಬೀಜಗಳ ಮೇಲೆ ಬೆರಳಿಡುತ್ತಾ ತಾನು ಕನ್ನಡದಲ್ಲಿ ಎಣಿಸಿ, ‘ಇನ್ನೆರಡು ಸೇರಿಸಿದರೆ ಎಷ್ಟಾಗುತ್ತದೆ’ ಎಂದು ಟೀಚರ್ ಕೇಳುವಾಗ ಅಲ್ಲಿ ಗಣಿತವೂ ಭಾಷೆಯೂ ಒಟ್ಟಿಗೆ ನಡೆಯುತ್ತಿರುತ್ತವೆ. ಅಷ್ಟರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಮೊಬೈಲ್ ಆ್ಯಪ್‌ನಲ್ಲಿ ಹಾಜರಿ ತುಂಬಿಸಬೇಕು, ಗರ್ಭಿಣಿಯೊಬ್ಬರ ಮನೆಗೆ ಹೋಗಬೇಕು, ಒಲೆಯ ಮೇಲಿನ ಗಂಜಿಯ ಕಡೆಗೂ ಒಂದು ಕಣ್ಣಿರಬೇಕು. ಆ ಎಣಿಕೆಯ ಹಿಂದಿನ ಜಾಣ್ಮೆಯನ್ನು ಆಕೆ ಹೇಳಿಕೊಳ್ಳುವುದಾದರೂ ಯಾರಲ್ಲಿ? ತಿಂಗಳ ಸಭೆಯಲ್ಲಿ ಕೇಳುವುದು ಅಕ್ಕಿಯ, ತೂಕದ, ನೋಂದಣಿಯ ಲೆಕ್ಕ ಮಾತ್ರ. (ಉಪ್ಪಿಟ್ಟಿನ ಬದಲು ಬಿರಿಯಾನಿ ಬೇಕೆಂದು ಪುಟ್ಟ ಮಗುವೊಂದು ಕೇಳಿದ್ದಕ್ಕೆ 2025ರಲ್ಲಿ ಕೇರಳದ ಅಂಗನವಾಡಿಗಳ ಊಟದ ಪಟ್ಟಿಯೇ ಬದಲಾಯಿತು. ಸಂತೋಷ, ಟೀಚರ್‌ಗಳ ಬೇಡಿಕೆಗೂ ಅಷ್ಟು ಬೇಗ ಕಿವಿ ಸಿಗಲಿ.)

ಇಂಥ ಸಂಘಗಳು ಹೊಸ ಕಲ್ಪನೆಯೇನಲ್ಲ. ಶಿಶುಶಿಕ್ಷಣದ ಹರಿಕಾರರಾದ ಗಿಜುಭಾಯಿ ಬಧೇಕಾ ಮತ್ತು ತಾರಾಬಾಯಿ ಮೋಡಕ್ ಗುಜರಾತಿನ ಭಾವನಗರದಲ್ಲಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದ್ದು 1926ರಲ್ಲಿ. ಮುಂದೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ತಾರಾಬಾಯಿ ಮತ್ತು ಅವರ ಸಹೋದ್ಯೋಗಿ ಅನುತಾಯಿ ವಾಘ್ ಮಾಡಿದ ಕೆಲಸದಲ್ಲಿ, ಮನೆಯಂಗಳಕ್ಕೇ ಹೋಗಿ ಕಲಿಸುವ ಅಂಗನವಾಡಿಯ ರೂಪ ಮೂಡಿತು. ಅಮೆರಿಕದ ಶಿಶುಶಿಕ್ಷಣ ಸಂಘದ ಬೇರೂ 1926ರದೇ. ಮಗುವಿನೊಡನೆ, ಹೆತ್ತವರೊಡನೆ, ಸಹೋದ್ಯೋಗಿಯೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ನೀತಿಸಂಹಿತೆಯನ್ನು ಅದು ತನ್ನ ಸದಸ್ಯರಿಗಾಗಿ ಬರೆದಿಟ್ಟಿದೆ. ಓಮೆಪ್ ಎಂಬ ಶಿಶುಶಿಕ್ಷಣದ ಜಾಗತಿಕ ಸಂಸ್ಥೆ 1948ರಿಂದ ಇದೆ. ಕುಂಬಳೆಯ ಟೀಚರಿಗೆ ಇವುಗಳ ಸದಸ್ಯತ್ವದಿಂದ ನೇರ ಲಾಭ ಅಷ್ಟಕ್ಕಷ್ಟೆ; ಅವು ಕಟ್ಟಿಕೊಂಡ ಕ್ರಮವನ್ನು ಮಾತ್ರ ಗಮನಿಸಬೇಕು.

ಸಂಘವಿಲ್ಲದ ಕಡೆ ಮೊದಲು ಪೆಟ್ಟು ತಿನ್ನುವುದು ಈ ವೃತ್ತಿಗೆ ಬರಲು ದಾರಿ ಕೇಳುವವರು. ‘ಮಾಂಟೆಸರಿ’ ಎಂಬ ಶಿಶುಶಿಕ್ಷಣ ಪದ್ಧತಿಯ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ, ಆದ್ದರಿಂದ ಪೇಟೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದವರೂ ಆ ಹೆಸರಿನಲ್ಲಿ ಸರ್ಟಿಫಿಕೇಟ್ ಕೊಡಬಹುದು. ದುಡ್ಡು ಕಟ್ಟುವ ಮೊದಲು ಈ ಪತ್ರವನ್ನು ಸರ್ಕಾರಿ ನೇಮಕಾತಿಯ ಪಿ.ಎಸ್.ಸಿ. ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ, ಶಿಕ್ಷಕ ತರಬೇತಿಯ ರಾಷ್ಟ್ರೀಯ ಪರಿಷತ್ತಾದ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ ಎಂದು ಕೇಳಿ. ಪ್ಲಸ್ ಟು ಆದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಕೆಲಸ ಮಾಡುತ್ತಲೇ ಅದನ್ನು ಮುಗಿಸಬಹುದು. ಅಂಗನವಾಡಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಐ.ಸಿ.ಡಿ.ಎಸ್. ಸೂಪರ್‌ವೈಸರ್ ಹುದ್ದೆಯಲ್ಲಿ ಪ್ರತ್ಯೇಕ ಅವಕಾಶವಿದೆ. ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಎಡ್. ಮಾಡಿ, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾದವರಿಗೆ ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಬಾಗಿಲು ತೆರೆಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಎಣಿಸುವುದರಿಂದ, ಒಂದನೇ ತರಗತಿಯವರೂ ಅಂಗನವಾಡಿಯವರೂ ಈಗ ಒಂದೇ ಬಳಗದವರು. ಸರ್ಕಾರಿ ಶಾಲೆಗಳಿಗೆ ಅಂಟಿಕೊಂಡಿರುವ ಪ್ರಿ-ಪ್ರೈಮರಿಗಳ ಪೈಕಿ ಪಿ.ಟಿ.ಎ. (ಹೆತ್ತವರ-ಅಧ್ಯಾಪಕರ ಸಂಘ) ನಡೆಸುವವುಗಳನ್ನು ನೆಚ್ಚಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ ಎಂದೇ ನಾನು ಹೇಳುತ್ತೇನೆ.

ಕಾಸರಗೋಡಿಗೇ ಸೇರಿದ ಇನ್ನೊಂದು ದಾರಿಯೂ ಇದೆ. ಎಂಡೋಸಲ್ಫಾನ್ ಕೀಟನಾಶಕದ ವಿಷ ತಟ್ಟಿದ ಎಣ್ಮಕಜೆ, ಮುಳಿಯಾರಿನಂಥ ಪಂಚಾಯತ್‌ಗಳಿಗೆ ವಿಶೇಷ ಅಗತ್ಯದ ಮಕ್ಕಳನ್ನು ಬಲ್ಲ ಶಿಕ್ಷಕಿಯರು ಬೇಕು. ಈ ವಿಭಾಗದಲ್ಲಿ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕಡ್ಡಾಯ. ಅರ್ಹತೆ ಇಲ್ಲದವರು ಕಲಿಸುವಂತಿಲ್ಲ. ವಿಶೇಷ ಮಕ್ಕಳ ಟೀಚರಿಗೆ ವೃತ್ತಿಯ ನೋಂದಣಿ ಪುಸ್ತಕವಿದೆ, ಉಳಿದ ಪುಟ್ಟ ಮಕ್ಕಳ ಟೀಚರಿಗೆ ಇಲ್ಲ. ಈ ವ್ಯತ್ಯಾಸಕ್ಕೆ ಸಮರ್ಥನೆ ನನಗಂತೂ ಕಾಣುವುದಿಲ್ಲ.

ಭಾಷೆಯ ಪ್ರಶ್ನೆಯಲ್ಲೂ ಸಂಘದ ಕೊರತೆ ಕಾಡುತ್ತದೆ. ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಇರಬೇಕೆನ್ನುತ್ತದೆ, ಆದರೆ ಪ್ರಾಥಮಿಕ ಹಂತದಲ್ಲಿ. ಮೂರು ವರ್ಷದ ಮಗುವಿನ ಮಾತು ಅದರಲ್ಲಿ ಬರುವುದಿಲ್ಲ. ಕನ್ನಡದ ಹೋರಾಟಗಳೆಲ್ಲ ಶಾಲೆಯ ಅಧ್ಯಾಪಕರ ನೇಮಕಾತಿಯ ಸುತ್ತ ಸುತ್ತುವಾಗ, ಅದಕ್ಕಿಂತ ಮೂರು ವರ್ಷ ಮೊದಲೇ ಮಗು ಯಾವ ಭಾಷೆಯ ಅಂಗನವಾಡಿಯಲ್ಲಿ ಕೂತಿದೆ ಎಂದು ವಿಚಾರಿಸುವವರಿಲ್ಲ.

ಹಾಗಾಗಿ ನನ್ನ ಸಲಹೆ ದೊಡ್ಡದೇನಲ್ಲ. ಮಂಜೇಶ್ವರ, ಕಾಸರಗೋಡು, ಕಾರಡ್ಕ ಈ ಮೂರು ಬ್ಲಾಕ್‌ಗಳ ಕನ್ನಡ ಬಲ್ಲ ಅಂಗನವಾಡಿ, ಪ್ರಿ-ಪ್ರೈಮರಿ, ಎಲ್.ಪಿ. ಮತ್ತು ವಿಶೇಷ ಶಾಲೆಯ ಟೀಚರ್‌ಗಳು ಒಂದು ಸಂಘವಾಗಿ ನೋಂದಾಯಿಸಿಕೊಳ್ಳಲಿ. ಇದರಿಂದ ಯೂನಿಯನ್ ಒಡೆಯುತ್ತದೆ ಎನ್ನುವವರಿಗೆ ಹೇಳುವುದಿಷ್ಟೇ: ಗೌರವಧನದ ಬೇಡಿಕೆ ಯೂನಿಯನ್ ಕೈಯಲ್ಲೇ ಇರಲಿ, ಆ ವಿಷಯವನ್ನು ಸಂಘ ಮುಟ್ಟುವುದೇ ಬೇಡ. ಹೆಲ್ಪರ್‌ಗಳನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಿ, ಏಕೆಂದರೆ ಅಳುವ ಮಗು ಬಹುತೇಕ ಅವರ ಮಡಿಲಲ್ಲೇ ಇರುತ್ತದೆ. ಮೊದಲ ಸಭೆಗೆ ಉದ್ಘಾಟಕರು, ಶಾಲು, ಹಾರ ಬೇಡ. ಪ್ರತಿಯೊಬ್ಬರೂ ತಮ್ಮ ಮಕ್ಕಳು ಮನೆಯಿಂದ ಹೊತ್ತು ತರುವ ಹಾಡು, ಎಣಿಕೆ, ಆಟಗಳನ್ನು ಬರೆದು ತಂದರೆ ಮಧ್ಯಾಹ್ನದವರೆಗಿನ ಚರ್ಚೆಗೆ ಅದೇ ಸಾಕು.