ಬಲೆ ಹರಿದ ಮೇಲೆ ಮ್ಯಾನೇಜರ್

ಎಲ್ಲರಿಗೂ ನಮಸ್ಕಾರ.

ಕಾರವಾರದವನಿಗೆ ಫುಟ್‌ಬಾಲ್ ಬಗ್ಗೆ ಮಾತಾಡು ಅಂತ ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಕಾಳಿ ಸೇತುವೆ ದಾಟಿ, ಸದಾಶಿವಗಡ ಬಿಟ್ಟು ಮಾಜಾಳಿಗೆ ಹೋದರೆ ಮುಂದೆ ಗೋವಾ. ಅಲ್ಲಿಯ ಫುಟ್‌ಬಾಲ್ ಹುಚ್ಚು ಗಡಿಯಲ್ಲಿ ನಿಂತು ಪರ್ಮಿಟ್ ತೋರಿಸಿ ಬಂದದ್ದಲ್ಲ, ಸುಮ್ನೆ ಬಂತು. ಸಮುದ್ರ ಇಳಿದಾಗ ಬೀಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಎರಡು ಚಪ್ಪಲಿ ಇಟ್ಟರೆ ಗೋಲು ತಯಾರು. ನಾನೂ ಹಾಗೇ ಆಡಿ ಬೆಳೆದವನು.

ಇವತ್ತು ಮಾತು ಆಟಗಾರರದ್ದಲ್ಲ. ಗೆರೆಯ ಹೊರಗೆ ನಿಂತು ಕೈ ಬೀಸುತ್ತಾ, ನೀರಿನ ಬಾಟಲಿ ಒದೆಯುತ್ತಾ ಇರುತ್ತಾರಲ್ಲ, ಆ ಮ್ಯಾನೇಜರ್‌ಗಳದ್ದು. ಈಗ ಇರುವವರಲ್ಲಿ ಯಾರ ಹೆಸರು ಇನ್ನು ಐವತ್ತು ವರ್ಷ ಬಿಟ್ಟರೂ ಉಳಿಯುತ್ತದೆ? ಇದೇ ವಾದ ಹಿಡಿದು ನಾನು ಮತ್ತು ನಮ್ಮ ತಾಂಡೇಲ ಮಾಮ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇವೋ ಲೆಕ್ಕ ಇಲ್ಲ. ತಾಂಡೇಲ ಅಂದರೆ ಬೋಟಿನ ಯಜಮಾನಿಕೆ ನೋಡುವವನು. ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ, ಘಟ್ಟದ ಮೇಲೆ ಶಿರಸಿ ಕಡೆಯವರೂ ಕೇಳುತ್ತಿರಬಹುದು ಅಂತ ಹೇಳಿದೆ.

ಮೊದಲು ನನ್ನದೇ ಒಂದು ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಓಣಿ ಹುಡುಗರ ಟೀಮಿಗೆ ನಾನೇ ಕೋಚ್. ಒಂದು ವರ್ಷ ಕಪ್ ಗೆದ್ದೆವು, ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮರುವರ್ಷ ಇಬ್ಬರು ಗೋವಾಕ್ಕೆ ಕೆಲಸಕ್ಕೆ ಹೋದರು, ಒಬ್ಬ ಮಂಗಳೂರಿನ ಕಾಲೇಜು ಸೇರಿದ, ಎತ್ತರದ ಸೆಂಟರ್ ಫಾರ್ವರ್ಡ್ ಹುಡುಗನನ್ನು ಅವನ ಅಪ್ಪ ಬೋಟಿಗೆ ಹತ್ತಿಸಿದರು. ನಾನು ಹೊಸ ಹುಡುಗರನ್ನು ಹಾಕಿಕೊಂಡು ಹಳೇ ಆಟವನ್ನೇ ಆಡಿಸಿದೆ. ಹಿಂದಿನಿಂದ ಉದ್ದ ಚೆಂಡು ಎತ್ತಿ ಹೊಡೆಯುವುದು, ಮುಂದೆ ತಲೆಯಲ್ಲಿ ಹೊಡೆಯಲು ಎತ್ತರದವನೇ ಇಲ್ಲ! ಆರು ಸೊನ್ನೆಯಲ್ಲಿ ಸೋತೆವು. ಹಾಫ್‌ಟೈಮಿನಲ್ಲಿ ನಾನು ಮಾಡಿದ್ದು ಕೂಗಾಡಿದ್ದು ಮಾತ್ರ.

ಸಂಜೆ ಬೈತಕೋಲ್ ಬಂದರಿಗೆ ಹೋದೆ. ಮಾಮ ದಡದಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದು ಹೊಲಿಯುತ್ತಿದ್ದರು. ಏನೂ ಮಾತಾಡದೆ ಬಲೆ ಸೂಜಿ ನನ್ನ ಕೈಗೆ ಕೊಟ್ಟರು, ಈ ತೂತು ಮುಚ್ಚು ಅಂದರು. ಅರ್ಧ ಗಂಟೆ ಒದ್ದಾಡಿ ಮುಚ್ಚಿದೆ. ಬಲೆ ಆ ಜಾಗದಲ್ಲಿ ಮುದುಡಿಕೊಂಡು ಚೀಲದ ಬಾಯಿಯ ಹಾಗೆ ಆಯಿತು. “ಅಕ್ಕಪಕ್ಕದ ಕಣ್ಣಿನ ಅಳತೆ ನೋಡದೆ ಗಂಟು ಹಾಕಿದ್ದೀಯಲ್ಲೋ” ಅಂದರು, ಎಲ್ಲ ಬಿಚ್ಚಿ ಮತ್ತೆ ತಾವೇ ಹೊಲಿದರು.

ಅವತ್ತಿನಿಂದ ನಾನು ಮ್ಯಾನೇಜರ್‌ಗಳ ಕಪ್ ಎಣಿಸುವುದು ಕಡಿಮೆ ಮಾಡಿದ್ದೇನೆ. ಮೊದಲ ಟೀಮ್ ಹರಿದುಹೋದ ಮೇಲೆ ಎರಡನೇ ಟೀಮ್ ಕಟ್ಟಿದನಾ, ಅದನ್ನು ನೋಡುತ್ತೇನೆ.

ಅಲೆಕ್ಸ್ ಫರ್ಗುಸನ್ ವಿಷಯ ನೋಡಿ. 1986ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಬಂದರು, ಮೊದಲ ಸಲ ಲೀಗ್ ಗೆಲ್ಲಲು 1993 ಆಗಬೇಕಾಯಿತು. ಇವತ್ತಾಗಿದ್ದರೆ ಎರಡನೇ ಚಳಿಗಾಲಕ್ಕೇ ಮನೆಗೆ ಕಳಿಸುತ್ತಿದ್ದರು ಅಲ್ವಾ? ಅದಕ್ಕಿಂತ ನನಗೆ ಇಷ್ಟವಾಗುವುದು 1995. ಗೆದ್ದುಕೊಟ್ಟ ಟೀಮಿನಿಂದ ಇನ್ಸ್, ಹ್ಯೂಸ್, ಕಾಂಚೆಲ್‌ಸ್ಕಿಸ್ ಮೂವರನ್ನೂ ಒಂದೇ ಬೇಸಿಗೆಯಲ್ಲಿ ಮಾರಿಬಿಟ್ಟು ಬೆಕಮ್, ಸ್ಕೋಲ್ಸ್‌ರಂಥ ಹುಡುಗರನ್ನು ಇಳಿಸಿದರು. ಮೊದಲ ಪಂದ್ಯವೇ ಆಸ್ಟನ್ ವಿಲ್ಲಾ ಎದುರು 3-1ರಲ್ಲಿ ಸೋಲು. ಮಕ್ಕಳನ್ನು ಕಟ್ಟಿಕೊಂಡು ಏನೂ ಗೆಲ್ಲೋಕಾಗಲ್ಲ ಅಂತ ಟಿವಿಯಲ್ಲಿ ಹಳೇ ಆಟಗಾರ ಅಲನ್ ಹ್ಯಾನ್ಸನ್ ಹೇಳಿದರು. ಆ ಸೀಸನ್ನಿನಲ್ಲೇ ಲೀಗ್ ಮತ್ತು ಎಫ್ಎ ಕಪ್ ಎರಡೂ ಬಂತು. 2009ರಲ್ಲಿ ರೊನಾಲ್ಡೊ ಹೋದ ಮೇಲೂ 2011, 2013ರಲ್ಲಿ ಲೀಗ್ ಗೆದ್ದರು. ಒಟ್ಟು 13 ಲೀಗ್.

ಈ ತಕ್ಕಡಿಯಲ್ಲಿ ಈಗಿನವರನ್ನು ಇಡೋಣ.

ಗಾರ್ಡಿಯೋಲಾ. ಇವರ ಬಗ್ಗೆ ಮಾಮನಿಗೂ ನನಗೂ ಜಗಳ. ಹಣ ಸುರಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ ಅನ್ನುತ್ತಾರೆ ಮಾಮ. ಹಣದ ಮಾತು ಸುಳ್ಳಲ್ಲ, ಅವರು ಗೆಲ್ಲಿಸಿದ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನ ಲೆಕ್ಕಪತ್ರದ ಮೇಲೆ 2023ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೂರಕ್ಕೂ ಜಾಸ್ತಿ ಆರೋಪ ಹೊರಿಸಿದೆ, ಕ್ಲಬ್ ಅದನ್ನು ಒಪ್ಪಿಲ್ಲ. ಆದರೆ ಬಾರ್ಸಿಲೋನಾದಲ್ಲಿ ನಾಲ್ಕೇ ವರ್ಷಕ್ಕೆ ಸುಸ್ತಾಗಿ ಎದ್ದುಹೋದ ಮನುಷ್ಯ ಇವರು. ಮ್ಯಾಂಚೆಸ್ಟರ್‌ನಲ್ಲಿ ಮಾತ್ರ ಕೊಂಪನಿ, ಸಿಲ್ವಾ, ಅಗ್ವೆರೊ ಇದ್ದ 100 ಅಂಕದ ಟೀಮ್ ಕರಗಿದ ಮೇಲೆ, ಹಾಲಂಡ್‌ನನ್ನು ಮುಂದಿಟ್ಟು ಬೇರೆಯದೇ ಟೀಮ್ ಕಟ್ಟಿ 2023ರಲ್ಲಿ ಮೂರು ದೊಡ್ಡ ಕಪ್ ಒಟ್ಟಿಗೆ ಎತ್ತಿದರು. 2021ರಿಂದ 2024ರವರೆಗೆ ಸತತ ನಾಲ್ಕು ಲೀಗ್, ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲು ಯಾರೂ ಮಾಡಿರಲಿಲ್ಲ. ಆಮೇಲೆ ನಡುಮೈದಾನದ ಆಟಗಾರ ರೊಡ್ರಿಯ ಮಂಡಿ ಹೋಯಿತು. 13 ಪಂದ್ಯದಲ್ಲಿ ಒಂದೇ ಗೆಲುವು. ಫೆಯೆನೂರ್ಡ್ ಎದುರು 3-0 ಮುಂದಿದ್ದು 3-3 ಆದ ರಾತ್ರಿ ಅವರ ಮೂಗಿನ ಮೇಲೆ, ಬೋಳು ತಲೆಯ ಮೇಲೆ ಉಗುರಿನ ಗೀರುಗಳಿದ್ದವು. ತಾವೇ ಪರಚಿಕೊಂಡದ್ದು. ಅದನ್ನು ಟಿವಿಯಲ್ಲಿ ನೋಡಿದಾಗ ನನಗೆ ನನ್ನ ಆರು ಸೊನ್ನೆ ನೆನಪಾಯಿತು, ಹೋಲಿಸಬಾರದು, ಆದರೂ ಆಯಿತು. ಅವರ ಹೆಸರು ಉಳಿಯುತ್ತಾ ಅನ್ನುವ ಪ್ರಶ್ನೆಯೇ ಇಲ್ಲ, ಈಗಾಗಲೇ ಉಳಿದಿದೆ. ಗೋಲ್‌ಕೀಪರ್ ಕಾಲಲ್ಲಿ ಪಾಸ್ ಕೊಡದಿದ್ದರೆ ಈಗ ಓಣಿಯ ಟೀಮಿನಲ್ಲೂ ಬೈಸಿಕೊಳ್ಳುತ್ತಾನೆ, ಅದರಲ್ಲಿ ದೊಡ್ಡ ಪಾಲು ಇವರದ್ದೇ.

ಮಾಮನ ಆಯ್ಕೆ ಅಂಚೆಲೊಟ್ಟಿ. “ಹುಬ್ಬು ಎತ್ತಿದರೆ ಸಾಕು, ಕೂಗಲ್ಲ” ಅನ್ನುವುದು ಅವರ ಕಾರಣ. 2005ರಲ್ಲಿ ಇಸ್ತಾಂಬುಲ್‌ನಲ್ಲಿ, ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್‌ನ ಫೈನಲ್‌ನಲ್ಲಿ ಹಾಫ್‌ಟೈಮಿಗೆ 3-0 ಮುಂದಿದ್ದ ಅವರ ಮಿಲಾನ್ ಲಿವರ್‌ಪೂಲ್‌ಗೆ ಪೆನಾಲ್ಟಿಯಲ್ಲಿ ಸೋತಿತಲ್ಲ, ಅಂಥದ್ದಾದ ಮೇಲೆ ಎಷ್ಟೋ ಟೀಮುಗಳು ಏಳುವುದೇ ಇಲ್ಲ. ಎರಡೇ ವರ್ಷಕ್ಕೆ ಅದೇ ಲಿವರ್‌ಪೂಲನ್ನು ಅಥೆನ್ಸ್‌ನಲ್ಲಿ ಸೋಲಿಸಿ ಕಪ್ ತಂದರು. 2019ರಲ್ಲಿ ನಾಪೋಲಿ ಕೈಬಿಟ್ಟಿತು, ಎವರ್ಟನ್ ಹತ್ತನೇ ಸ್ಥಾನ, ಇವರ ಕಾಲ ಮುಗಿಯಿತು ಅಂತ ನಾನೇ ಮಾಮನ ಹತ್ತಿರ ಬಾಜಿ ಕಟ್ಟಿದ್ದೆ. ಆಮೇಲೆ ರಿಯಲ್ ಮ್ಯಾಡ್ರಿಡ್ ಜೊತೆ 2022, 2024ರಲ್ಲಿ ಮತ್ತೆರಡು ಚಾಂಪಿಯನ್ಸ್ ಲೀಗ್! ಒಟ್ಟು ಐದು, ಬೇರೆ ಯಾವ ಮ್ಯಾನೇಜರ್‌ಗೂ ಇಲ್ಲ. ಯುರೋಪಿನ ಐದು ದೊಡ್ಡ ಲೀಗ್‌ಗಳನ್ನೂ ಗೆದ್ದವರು ಇವರೇ. ಆ ಬಾಜಿಗೆ ಮಾಮನಿಗೆ ನಾನು ಕೊಡಬೇಕಾದ ಬಂಗಡೆ ಊಟ ಇನ್ನೂ ಬಾಕಿ ಇದೆ.

ಆದರೆ ನನ್ನ ಓಟು ಲೂಯಿಸ್ ಎನ್ರಿಕೆಗೆ. 2025ರ ಮೇ 31ರ ರಾತ್ರಿ. ಮಾರನೇ ದಿನದಿಂದ 61 ದಿನ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ವರ್ಷ ಮಳೆ ಮೇನಲ್ಲೇ ಬಂದಿತ್ತು, ಬೋಟೆಲ್ಲ ದಡ ಸೇರಿದ್ದವು, ಮಾಮನ ಮನೆಯ ಟಿವಿ ಮುಂದೆ ಹತ್ತು ಹನ್ನೆರಡು ಜನ. ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಶುರುವಾಗುವಾಗ ನಮ್ಮಲ್ಲಿ ಹನ್ನೆರಡೂವರೆ, ಲೆಕ್ಕಕ್ಕೆ ನಿಷೇಧ ಶುರುವಾಗಿ ಅರ್ಧ ಗಂಟೆ. ಎನ್ರಿಕೆ ಕೋಚ್ ಆಗಿದ್ದ ಪ್ಯಾರಿಸ್ ಟೀಮಿಗೆ ಆ ಸೀಸನ್ನಿನಲ್ಲಿ ಒಂದು ಚಾಳಿ ಇತ್ತು. ಕಿಕ್‌ಆಫ್ ಸಿಕ್ಕ ಕೂಡಲೇ ಚೆಂಡನ್ನು ಬೇಕಂತಲೇ ಎದುರಾಳಿಯ ಮೂಲೆಯ ಹತ್ತಿರ ಹೊರಗೆ ಹೊಡೆಯುವುದು. ಕೈಗೆ ಬಂದ ಚೆಂಡು ಬಿಟ್ಟುಕೊಡುತ್ತಾರಲ್ಲ, ಇವರಿಗೇನು ತಲೆ ಕೆಟ್ಟಿದೆಯಾ ಅಂತ ಒಬ್ಬ ಹುಡುಗ ಕೇಳಿದ. ಮಾಮ ಮುಂದಕ್ಕೆ ಬಗ್ಗಿದರು. “ಮೀನು ದಡಕ್ಕೆ ಒತ್ತಿ ಆಮೇಲೆ ಸುತ್ತು ಹಾಕ್ತಾರೋ” ಅಂದರು. ಎದುರಾಳಿ ಇಂಟರ್ ಮಿಲಾನ್‌ನ ಗೋಲಿ ಸೊಮ್ಮರ್ ಗೋಲ್‌ಕಿಕ್‌ಗೆ ನಿಂತಾಗಲೆಲ್ಲ ಪ್ಯಾರಿಸ್‌ನ ಡೆಂಬೆಲೆ ಬಾಕ್ಸಿನ ಅಂಚಿನಲ್ಲಿ ಓಟದ ಸ್ಪರ್ಧೆಗೆ ನಿಂತವನ ಹಾಗೆ ಬಗ್ಗಿ, ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದ. ಐದು ಸೊನ್ನೆ. ಯುರೋಪಿನ ಆ ಕಪ್ಪಿನ ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಅದಕ್ಕೂ ಮೊದಲು ಇರಲಿಲ್ಲ. ಎರಡು ಗೋಲು ಹೊಡೆದ ದೂಯೆಗೆ ಆಗಿನ್ನೂ 19 ವರ್ಷ.

ಇದನ್ನು ದೊಡ್ಡ ಸ್ಟಾರ್ ಎಂಬಾಪೆ ಪ್ಯಾರಿಸ್ ಬಿಟ್ಟುಹೋದ ಮರುವರ್ಷವೇ ಮಾಡಿದ್ದು, ನೆನಪಿಡಿ. ನನ್ನ ಎತ್ತರದ ಹುಡುಗ ಹೋದಾಗ ನಾನು ಅವನಂಥ ಇನ್ನೊಬ್ಬನನ್ನು ಹುಡುಕುತ್ತಾ ಕೂತೆ. ಎನ್ರಿಕೆ ಹುಡುಕಲಿಲ್ಲ, ಹನ್ನೊಂದೂ ಜನ ಓಡುವ ಹಾಗೆ ಆಟವನ್ನೇ ಬದಲಿಸಿದರು. 2015ರಲ್ಲಿ ಮೆಸ್ಸಿ, ಸುವಾರೆಜ್, ನೇಮಾರ್ ಇದ್ದ ಬಾರ್ಸಿಲೋನಾ ಜೊತೆ ಮೂರು ಕಪ್ ಗೆದ್ದಿದ್ದರು. ಆ ವರ್ಷ ಚಾಂಪಿಯನ್ಸ್ ಲೀಗ್ ಫೈನಲ್ ನಡೆದ ಬರ್ಲಿನ್ ಮೈದಾನದಲ್ಲಿ ಅವರ ಪುಟ್ಟ ಮಗಳು ಸಾನಾ ಬಾವುಟ ನೆಟ್ಟಿದ್ದಳು. 2019ರಲ್ಲಿ ಆ ಮಗು ಕ್ಯಾನ್ಸರ್‌ನಿಂದ ತೀರಿಕೊಂಡಿತು, ಒಂಬತ್ತು ವರ್ಷಕ್ಕೆ. ಮ್ಯೂನಿಕ್‌ನಲ್ಲಿ ಗ್ಯಾಲರಿಯವರು ಅಪ್ಪ ಮಗಳು ಬಾವುಟ ನೆಡುವ ದೊಡ್ಡ ಚಿತ್ರ ಬಿಡಿಸಿದಾಗ ಮಾಮನ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಇನ್ನು ಚಿಕ್ಕವರು. ಕ್ಸಾಬಿ ಅಲೊನ್ಸೊ ಕೊನೆಯ ಸಾಲಿನಲ್ಲಿ ಒದ್ದಾಡುತ್ತಿದ್ದ ಲೆವರ್‌ಕುಸೆನ್ ಹಿಡಿದು 2024ರಲ್ಲಿ ಒಂದೂ ಪಂದ್ಯ ಸೋಲದೆ ಜರ್ಮನಿಯ ಲೀಗ್ ಗೆಲ್ಲಿಸಿದರು, ಅದ್ಭುತ, ಆದರೆ ನನ್ನ ತಕ್ಕಡಿಗೆ ಅದು ಒಂದೇ ಬಲೆ. ಆರ್ಸೆನಲ್‌ನ ಅರ್ಟೆಟಾ ಇಂಗ್ಲೆಂಡಿನ ಲೀಗ್‌ನಲ್ಲಿ 2023, 24, 25 ಮೂರು ವರ್ಷವೂ ಎರಡನೇ ಸ್ಥಾನ. ಸ್ಲಾಟ್ ಬಂದ ಮೊದಲ ಸೀಸನ್ನಿನಲ್ಲೇ ಲಿವರ್‌ಪೂಲ್‌ಗೆ ಲೀಗ್ ತಂದರು, ಆದರೆ ಅದು ಹಿಂದಿನ ಮ್ಯಾನೇಜರ್ ಕ್ಲಾಪ್ ಕಟ್ಟಿಟ್ಟ ಟೀಮು. ಕಾಯೋಣ.

ನಮ್ಮ ಚರ್ಚೆಯಲ್ಲಿ ಯಾವಾಗಲೂ ಬಿಟ್ಟುಹೋಗುವ ಹೆಸರು ಸರೀನಾ ವೀಗ್ಮನ್. 2017ರಲ್ಲಿ ನೆದರ್‌ಲ್ಯಾಂಡ್ಸ್, 2022 ಮತ್ತು 2025ರಲ್ಲಿ ಇಂಗ್ಲೆಂಡ್, ಸತತ ಮೂರು ಮಹಿಳಾ ಯುರೋ ಕಪ್. ಕೊನೆಯದಕ್ಕೆ ಕೆಲವೇ ವಾರ ಇರುವಾಗ ಗೋಲಿ ಮೇರಿ ಅರ್ಪ್ಸ್ ನಿವೃತ್ತಿ ಅಂದರು, ಮೊದಲ ಪಂದ್ಯ ಫ್ರಾನ್ಸ್‌ಗೆ ಸೋತರು, ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರರಲ್ಲೂ ಹಿಂದೆ ಬಿದ್ದು ಗೆದ್ದರು. ಗಂಡಸರ ಟೀಮಿನೊಂದಿಗೆ ಇದನ್ನು ಮಾಡಿದ್ದರೆ ಬೈತಕೋಲ್‌ನಲ್ಲಿ ಇವರ ಹೆಸರಿನ ಬೋಟೇ ಇರುತ್ತಿತ್ತು.

ನಮ್ಮವರು ಯಾರೂ ಇಲ್ಲವಾ ಅಂದರೆ, ಇದ್ದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಮೇಷ್ಟ್ರು. 1962ರ ಏಷ್ಯನ್ ಗೇಮ್ಸ್, ಜಕಾರ್ತಾ. ಮೊದಲ ಪಂದ್ಯ ದಕ್ಷಿಣ ಕೊರಿಯಾಗೆ ಸೋಲು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಮ್ ಸಾಹೇಬರು ಅವರನ್ನು ಕೂರಿಸಲಿಲ್ಲ, ಎತ್ತಿ ಮುಂದಕ್ಕೆ ಸೆಂಟರ್ ಫಾರ್ವರ್ಡ್ ಜಾಗಕ್ಕೆ ಹಾಕಿದರು. ಫೈನಲ್‌ನಲ್ಲಿ ಅದೇ ಕೊರಿಯಾ ಎದುರು 2-1 ಗೆಲುವು, ಒಂದು ಗೋಲು ಅದೇ ಹೊಲಿಗೆ ಹಾಕಿದ ತಲೆಯ ಜರ್ನೈಲ್‌ರದ್ದು. ಆಗ ರಹೀಮ್‌ಗೆ ಕ್ಯಾನ್ಸರ್, ಮರುವರ್ಷ ಹೋಗಿಬಿಟ್ಟರು. 2025ರ ಆಗಸ್ಟ್‌ನಲ್ಲಿ ಭಾರತದ ಕೋಚ್ ಆದ ಖಾಲಿದ್ ಜಮೀಲ್ ಕೂಡ ಹಿಂದೆ ಐಜ್ವಾಲ್‌ನಂಥ ಸಣ್ಣ ಕ್ಲಬ್ಬಿಗೆ 2017ರಲ್ಲಿ ಐ-ಲೀಗ್ ಗೆಲ್ಲಿಸಿದವರು. ಆಸೆ ಇಟ್ಟುಕೊಂಡಿದ್ದೇನೆ, ಬಾಜಿ ಕಟ್ಟಲ್ಲ.

ನಾನೂ ಮತ್ತೆ ಕೋಚ್ ಆಗಿದ್ದೇನೆ, ಹೇಳಲು ಮರೆತಿದ್ದೆ. ಈ ಸಲ ಟೀಮಿನಲ್ಲಿ ಎಲ್ಲರೂ ಗಿಡ್ಡ, ಆದರೆ ಓಡುತ್ತಾರೆ. ಗೋಲಿ ಮಾತ್ರ ಸಿಕ್ಕಿಲ್ಲ. ಭಾನುವಾರ ಸಂಜೆ ನಾಲ್ಕಕ್ಕೆ, ಸಮುದ್ರ ಇಳಿದಿದ್ದರೆ ಬೀಚಿನಲ್ಲೇ ಇರುತ್ತೇವೆ. ಚೆಂಡಿಗೆ ಹೆದರದ ಹುಡುಗ ಮನೆಯಲ್ಲಿದ್ದರೆ ಕಳಿಸಿ.

ನಮಸ್ಕಾರ.